ಗುಗ್ಗುಲುವಿನ ವಯಸ್ಸು: ಸುಶ್ರುತನ ಭೇದ ಮತ್ತು ಕೊಲೆಸ್ಟರಾಲ್ ಪರೀಕ್ಷೆಗಳು

ಗುಗ್ಗುಲುವಿನ ಅಂಟಿನಿಂದ ತೆಗೆದ ‘ಗುಗ್ಗುಲಿಪಿಡ್’ ಎಂಬ ಸಾರವು ರಕ್ತದ ಕೊಲೆಸ್ಟರಾಲನ್ನು ತಗ್ಗಿಸುತ್ತದೆಂಬ ಅಭಿಪ್ರಾಯ ಭಾರತದ ಔಷಧಶಾಸ್ತ್ರದಲ್ಲಿ ಬಹುಕಾಲ ಹೆಚ್ಚಿನ ವಿರೋಧವಿಲ್ಲದೆ ನೆಲೆನಿಂತಿತ್ತು. 2003ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಿಲಿಪ್ ಸಪಾರಿ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯ ಫಲ ಇದಕ್ಕೆ ನೇರ ವಿರುದ್ಧವಾಗಿತ್ತು. ಕೊಲೆಸ್ಟರಾಲ್ ಹೆಚ್ಚಿದ್ದ 103 ಮಂದಿಯ ಮೇಲೆ ಎಂಟು ವಾರ ನಡೆದ ಆ ಪರೀಕ್ಷೆಯಲ್ಲಿ ಔಷಧವಿಲ್ಲದ ಹುಸಿಮಾತ್ರೆ ಪಡೆದವರ ಎಲ್‌ಡಿಎಲ್, ಅಂದರೆ ರಕ್ತನಾಳಗಳ ಗೋಡೆಯಲ್ಲಿ ಶೇಖರಗೊಳ್ಳುವ ಬಗೆಯ ಕೊಲೆಸ್ಟರಾಲ್, ಶೇ. 5ರಷ್ಟು ಇಳಿದರೆ, ಸಾರವನ್ನು ಸಾಮಾನ್ಯ ಮತ್ತು ಹೆಚ್ಚಿನ ಪ್ರಮಾಣದಲ್ಲಿ ಪಡೆದ ಗುಂಪುಗಳಲ್ಲಿ ಅದು ಕ್ರಮವಾಗಿ ಶೇ. 4 ಮತ್ತು ಶೇ. 5ರಷ್ಟು ಏರಿತು, ಸಾರ ಸೇವಿಸಿದವರಲ್ಲಿ ಆರು ಮಂದಿಗೆ ಮೈಮೇಲೆ ದದ್ದುಗಳೆದ್ದವು. ಇದನ್ನು ಪ್ರಾಚೀನ ವೈದ್ಯದ ಹೇಳಿಕೆಯೊಂದರ ಖಂಡನೆಯೆಂದು ಓದುವುದೂ, ಪರದೇಶದ ಊಟದ ದೋಷವೆಂದು ತಳ್ಳಿಹಾಕುವುದೂ ಸುಲಭ. ಎರಡೂ ಓದುಗಳು ಸುಶ್ರುತನ ಗ್ರಂಥವು ಯಾವ ಗುಗ್ಗುಲುವಿನ ಬಗ್ಗೆ ಮಾತಾಡುತ್ತಿದೆಯೆಂಬ ಪ್ರಶ್ನೆಯನ್ನು ಬದಿಗಿಟ್ಟಿವೆಯೆಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆ ಸುಪರಿಚಿತ. ಕಚ್ಛ್, ರಾಜಸ್ಥಾನಗಳ ಒಣನೆಲದಲ್ಲಿ ಬೆಳೆಯುವ ಕಾಮಿಫೋರಾ ವೈಟಿಯೈ ಎಂಬ ಮುಳ್ಳುಗಿಡದ ಕಾಂಡಕ್ಕೆ ಕಚ್ಚು ಹಾಕಿದಾಗ ಒಸರುವ ಅಂಟುರಾಳವೇ ಗುಗ್ಗುಲು. ಜಿ.ವಿ. ಸತ್ಯವತಿಯವರು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಸುಶ್ರುತಸಂಹಿತೆಯ ಮೇದೋರೋಗದ, ಅಂದರೆ ಮೈಯಲ್ಲಿ ಕೊಬ್ಬು ಮಿತಿಮೀರುವ ರೋಗದ, ವರ್ಣನೆಗೂ ಅಪಧಮನಿಗಳು ಕೊಬ್ಬು ಕಟ್ಟಿ ಪೆಡಸಾಗುವ ರೋಗಕ್ಕೂ ಇರುವ ಹೋಲಿಕೆಯನ್ನು ಗುರುತಿಸಿ, ಕೊಲೆಸ್ಟರಾಲ್ ತಿನ್ನಿಸಿದ ಮೊಲಗಳಲ್ಲಿ ಅಂಟಿನ ಪರಿಣಾಮವನ್ನು ತೋರಿಸಿದರು. 1972ರಲ್ಲಿ ಪಾಟೀಲ್, ನಾಯಕ್ ಮತ್ತು ಸುಖ್ ದೇವ್ ಅದರ ಸ್ಟಿರಾಯ್ಡ್ ಘಟಕಗಳ ರಚನೆಯನ್ನು ವಿವರಿಸಿದರು. ಇವುಗಳಲ್ಲಿ ಗುಗ್ಗುಲ್‌ಸ್ಟೆರೋನ್ ಎಂಬ ಜೋಡಿ ಮುಂದೆ ಹೆಸರಾಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಈಥೈಲ್ ಅಸಿಟೇಟ್ ದ್ರಾವಕದಿಂದ ತೆಗೆದ ಸಾರವು ಔಷಧವಾಗಿ ರೂಪುಗೊಂಡು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ಗುಗ್ಗುಲ್‌ಸ್ಟೆರೋನ್ ಯಕೃತ್ತಿನಲ್ಲಿ ಪಿತ್ತಾಮ್ಲಗಳನ್ನು ಗ್ರಹಿಸುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕವನ್ನು ತಡೆಯುತ್ತದೆಂದು 2002ರಲ್ಲಿ ವರದಿಯಾದಾಗ ಕಥೆ ಪೂರ್ಣಗೊಂಡಂತೆಯೇ ತೋರಿತ್ತು.

ಆಹಾರದ ವಾದವನ್ನು ಪೂರ್ತಿ ಕಡೆಗಣಿಸುವಂತಿಲ್ಲ. 1994ರಲ್ಲಿ ಸಿಂಗ್ ಮತ್ತು ಸಂಗಡಿಗರು 61 ರೋಗಿಗಳಲ್ಲಿ 24 ವಾರಗಳ ಬಳಿಕ ಎಲ್‌ಡಿಎಲ್ ಶೇ. 12.5ರಷ್ಟು ಇಳಿದುದನ್ನು ವರದಿ ಮಾಡಿದಾಗ, ಆ ರೋಗಿಗಳು ಹಣ್ಣುತರಕಾರಿ ಹೇರಳವಾಗಿದ್ದ ಪಥ್ಯದಲ್ಲಿದ್ದರು. ಅಮೆರಿಕದವರು ತಮ್ಮ ಎಂದಿನ ಊಟವನ್ನೇ ಉಂಡಿದ್ದರು. ಆದರೆ ಊಟದ ವ್ಯತ್ಯಾಸದಿಂದ ಔಷಧ ನಿಷ್ಫಲವಾದುದನ್ನು ವಿವರಿಸಬಹುದೇ ಹೊರತು, ಎಲ್‌ಡಿಎಲ್ ಏರಿದುದನ್ನು ವಿವರಿಸುವುದು ಕಷ್ಟ. ಪ್ರಮಾಣ ಸಾಲದಾಯಿತೆಂಬ ಸಮಾಧಾನವೂ ನಿಲ್ಲುವುದಿಲ್ಲ. ಅಮೆರಿಕದ ಸಾಮಾನ್ಯ ಪ್ರಮಾಣದಲ್ಲಿಯೇ ದಿನಕ್ಕೆ 75 ಮಿಲಿಗ್ರಾಂ ಗುಗ್ಗುಲ್‌ಸ್ಟೆರೋನ್ ಇತ್ತು. 2009ರಲ್ಲಿ ನಾರ್ವೆಯಿಂದ ಬಂದ ಚಿಕ್ಕ ಪರೀಕ್ಷೆಯಲ್ಲಿಯೂ ಎಲ್‌ಡಿಎಲ್ ಗಣನೀಯವಾಗಿ ಬದಲಾಗಲಿಲ್ಲ.

ಇನ್ನು ಗ್ರಂಥಕ್ಕೆ ಬರಬಹುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಐದನೆಯ ಅಧ್ಯಾಯವು ಗುಗ್ಗುಲುವಿನ ಗುಣಗಳನ್ನು ಹೇಳುವಾಗ ಹೊಸದಕ್ಕೂ ಹಳೆಯದಕ್ಕೂ ಸ್ಪಷ್ಟವಾದ ಗೆರೆ ಎಳೆಯುತ್ತದೆ: ಹೊಸತು ಬೃಂಹಣ, ಅಂದರೆ ಮೈ ತುಂಬಿಸುವಂಥದು, ವೃಷ್ಯವೂ, ಎಂದರೆ ಕಾಮಶಕ್ತಿಯನ್ನು ಹೆಚ್ಚಿಸುವಂಥದೂ ಹೌದು, ಹಳೆಯದು ಮಾತ್ರ ದೇಹವನ್ನು ಕೃಶಗೊಳಿಸುವಂಥದು. ಹದಿನಾರನೆಯ ಶತಮಾನದ ಭಾವಪ್ರಕಾಶವೂ ಈ ಭೇದವನ್ನು ಉಳಿಸಿಕೊಂಡು, ಹಳೆಯದನ್ನು ಲೇಖನ, ಎಂದರೆ ಹೆಚ್ಚಾದ ಧಾತುವನ್ನು ಕೆರೆದು ತೆಗೆಯುವ ದ್ರವ್ಯವೆಂದು ಕರೆಯುತ್ತದೆ. ಶಬ್ದಾರ್ಥಕ್ಕೆ ನಿಷ್ಠವಾಗಿ ಓದಿದರೆ, ಮೇದಸ್ಸು ಹೆಚ್ಚಿದ ರೋಗಿಗೆ ಹೊಸ ಗುಗ್ಗುಲು ಕೊಡುವುದು ಅಪಥ್ಯಕ್ಕೆ ಸಮೀಪವಾದ ಕ್ರಮವಾಗುತ್ತದೆ. ಇತ್ತ ಆಧುನಿಕ ಸಾರದ ಗುಣಮಟ್ಟವನ್ನು ಅಳೆಯುವುದು ಗುಗ್ಗುಲ್‌ಸ್ಟೆರೋನಿನ ಶೇಕಡಾ ಪ್ರಮಾಣದಿಂದ. ಅಂಟಿನ ವಯಸ್ಸು ಆ ಅಳತೆಯೊಳಗೆ ಬರುವುದೇ ಇಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯವು ಗುಗ್ಗುಲುವಿನಲ್ಲಿ ಆವಿಯಾಗುವ ತೈಲಕ್ಕೆ ಕನಿಷ್ಠ ಮಿತಿಯನ್ನು ಗೊತ್ತುಮಾಡಿರುವುದರಿಂದ, ಕಾಲಾಂತರದಲ್ಲಿ ತೈಲ ಹಾರಿಹೋದ ಹಳೆಯ ಅಂಟೇ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಸಂಭವ ಹೆಚ್ಚು.

ಈ ಓದಿಗೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದಾಗಿ, ಮೇದೋರೋಗದ ಚಿಕಿತ್ಸೆಯನ್ನು ನೇರವಾಗಿ ಹೇಳುವ ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಶಿಲಾಜತು, ಗೋಮೂತ್ರ, ತ್ರಿಫಲೆ, ಜೇನು, ಜವೆಗೋಧಿ, ಹೆಸರು, ಹಾರಕ ಮೊದಲಾದವುಗಳ ಸಾಲಿನಲ್ಲಿ ಗುಗ್ಗುಲುವಿನ ಹೆಸರಿದ್ದರೂ ಅದಕ್ಕೆ ‘ಹಳೆಯ’ ಎಂಬ ವಿಶೇಷಣವಿಲ್ಲ. ಎರಡನೆಯದಾಗಿ, ಹೊಸದಾಗಿಯಲ್ಲದೆ ಹಳೆಯದಾಗಿಯೇ ಬಳಸಬೇಕಾದ ದ್ರವ್ಯಗಳೆಂದು ಶಾರ್ಙ್ಗಧರಸಂಹಿತೆ ಕೊಡುವ ಪಟ್ಟಿಯಲ್ಲಿ ವಿಡಂಗ, ಹಿಪ್ಪಲಿ, ಬೆಲ್ಲ, ಧಾನ್ಯ, ತುಪ್ಪ, ಜೇನುಗಳಿವೆ, ಗುಗ್ಗುಲು ಇಲ್ಲ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ತೊಡಕಿನದು. ಹೊಸ ಗುಗ್ಗುಲುವನ್ನು ಹೊಂಬಣ್ಣದ, ಜಿಗುಟಾದ, ಸುವಾಸನೆಯ ಅಂಟೆಂದು ವರ್ಣಿಸುವ ಭಾವಪ್ರಕಾಶವೇ, ಒಣಗಿ ಬಣ್ಣಗೆಟ್ಟು ದುರ್ವಾಸನೆ ಬೀರುವ ಹಳೆಯದನ್ನು ವೀರ್ಯಹೀನವೆನ್ನುತ್ತದೆ. ಒಂದೇ ಗ್ರಂಥ ಒಂದೇ ವಸ್ತುವನ್ನು ತೀವ್ರವಾದ ಲೇಖನದ್ರವ್ಯವೆಂದೂ ಶಕ್ತಿಗುಂದಿದ್ದೆಂದೂ ಹೇಗೆ ಹೇಳಬಲ್ಲುದು? ಅದರ ಕರ್ತೃ ಭಾವಮಿಶ್ರನು ಬೇರೆಬೇರೆ ಮೂಲಗಳಿಂದ ಸಂಗ್ರಹಿಸಿದ ಮಾತುಗಳು ಹೊಂದಿಕೆಯಾಗದೆ ಉಳಿದಿರಬಹುದು. ಅಥವಾ, ಇದೇ ಹೆಚ್ಚು ಸಂಭಾವ್ಯವೆಂದು ತೋರುತ್ತದೆ, ‘ಹಳೆಯ’ ಎಂಬುದರಲ್ಲಿಯೇ ಎರಡು ಹಂತಗಳಿದ್ದು, ಪಕ್ವವಾದುದು ಬೇರೆ, ಕೆಟ್ಟುದು ಬೇರೆ ಎಂಬ ತಿಳಿವಳಿಕೆ ವೈದ್ಯರ ರೂಢಿಯಲ್ಲಿದ್ದಿರಬಹುದು. ಸೂತ್ರಸ್ಥಾನದ ಮೌನಕ್ಕೂ ಸಮಾಧಾನವುಂಟು: ಸಂಹಿತೆಗಳು ದ್ರವ್ಯದ ಗುಣವನ್ನು ಒಂದೆಡೆ ವಿವರಿಸಿ, ಉಳಿದೆಡೆ ಹೆಸರನ್ನಷ್ಟೇ ಹೇಳಿ ಮುಂದುವರಿಯುವುದು ವಾಡಿಕೆ. ಶಾರ್ಙ್ಗಧರನ ಪಟ್ಟಿಗೆ ಮಾತ್ರ ಇಷ್ಟು ಸುಲಭದ ಉತ್ತರವಿಲ್ಲ. ಆ ಸಾಕ್ಷ್ಯ ಈ ವಾದಕ್ಕೆ ಪ್ರತಿಕೂಲವಾಗಿಯೇ ಉಳಿಯುತ್ತದೆ.

ರಸಾಯನದ ದೃಷ್ಟಿಯಿಂದ ಈ ಭೇದಕ್ಕೆ ಆಧಾರವಿರುವುದು ಅಸಂಭವವಲ್ಲ. ಆವಿಯಾಗುವ ಟರ್ಪೀನುಗಳು ಕಡಿಮೆಯಾಗುತ್ತ, ರಾಳವು ಗಾಳಿಯ ಆಮ್ಲಜನಕದೊಡನೆ ವರ್ತಿಸುತ್ತ ಬಂದಂತೆ, ಎಳೆದರೆ ನೂಲಾಗುವ ಹೊಂಬಣ್ಣದ ಅಂಟು ಕಪ್ಪಗೆ ಗಟ್ಟಿಯಾಗಿ ಕುಟ್ಟಿದರೆ ಪುಡಿಯಾಗುವ ಗಡ್ಡೆಯಾಗುತ್ತದೆ; ಗ್ರಂಧಿಗೆ ಅಂಗಡಿಯಲ್ಲಿ ಧೂಪಕ್ಕೆಂದು ಕೊಂಡವರಿಗೂ ಈ ವ್ಯತ್ಯಾಸ ಕಣ್ಣಿಗೆ ಬಿದ್ದಿರುತ್ತದೆ. ಆದರೆ ಬಣ್ಣ ಬದಲಾದುದರಿಂದ ರಕ್ತದ ಕೊಬ್ಬಿನ ಮೇಲಿನ ಪರಿಣಾಮವೂ ಬದಲಾಯಿತೆಂದು ಹೇಳಲಾಗದು. ಹೊಸ ಅಂಟಿನ ಬೃಂಹಣಗುಣವೇ ಅಮೆರಿಕದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಏರಿದುದಕ್ಕೆ ಕಾರಣವೆನ್ನುವುದಂತೂ ಸಾಕ್ಷ್ಯವನ್ನು ಬಹಳ ದೂರ ದಾಟಿದ ಮಾತಾದೀತು. ಮೇದಸ್ಸೆಂಬ ಧಾತುವನ್ನು ರಕ್ತದ ಎಲ್‌ಡಿಎಲ್‌ಗೆ ಸಮೀಕರಿಸುವುದೇ ವಿವಾದಾಸ್ಪದವಾಗಿರುವಾಗ ಅಂಥ ವಾದಕ್ಕೆ ನೆಲೆಯಿಲ್ಲ.

ಗ್ರಂಥದ ಗುಗ್ಗುಲು ಬೇರೆ, ಪರೀಕ್ಷೆಯ ಸಾರ ಬೇರೆ ಎಂದಾಗ ಬಿಸಿ ತಟ್ಟುವುದು 2003ರ ಪರೀಕ್ಷೆಗೆ ಮಾತ್ರವಲ್ಲ. ನೀರಿನಲ್ಲಿ ಕರಗುವ ಅಂಟನ್ನು ಬೇರ್ಪಡಿಸಿ, ತ್ರಿಫಲೆಯ ಕಷಾಯದಂಥವುಗಳಲ್ಲಿ ನಡೆಸುವ ಶೋಧನಕ್ರಮವನ್ನು ಬಿಟ್ಟು, ದ್ರಾವಕದಿಂದ ತೆಗೆದ ಸಾರವು ಸೋತರೆ ಗ್ರಂಥ ಸೋತಂತಾಗದಿದ್ದಲ್ಲಿ, ಅದೇ ಸಾರವು ಗೆದ್ದಾಗಲೂ ಗ್ರಂಥ ಗೆದ್ದಿರಲಿಲ್ಲ. ಸತ್ಯವತಿಯವರ ಮೊಲಗಳ ಪ್ರಯೋಗ ಅಂಟಿನ ಮೇಲೆ ನಡೆದುದರಿಂದ ಅದನ್ನು ಬೇರೆಯಾಗಿ ಎಣಿಸಬೇಕು. ಲಖನೌದ ಸಾರವನ್ನು ಸುಶ್ರುತನ ದೃಢೀಕರಣವೆಂದು ಉಲ್ಲೇಖಿಸುವ ರೂಢಿಗೆ ಮಾತ್ರ ಆಧಾರ ಕಾಣುವುದಿಲ್ಲ.

ವಯಸ್ಸು ದಾಖಲಾದ ಅಂಟನ್ನು ಒಂದೇ ಮೂಲದಿಂದ ಪಡೆದು, ಹೊಸದನ್ನೂ ಹಳೆಯದನ್ನೂ ಒಂದೇ ವಿಧಾನದಲ್ಲಿ ಶೋಧಿಸಿ, ಹುಸಿಮಾತ್ರೆಯೊಡನೆ ಹೋಲಿಸಿದರೆ ಈ ಪ್ರಶ್ನೆ ಪರೀಕ್ಷೆಗೆ ಒಳಪಡುತ್ತದೆ. ಎಷ್ಟು ವರ್ಷಕ್ಕೆ ಗುಗ್ಗುಲು ಹಳೆಯದಾಗುತ್ತದೆ, ಪಕ್ವತೆ ಮುಗಿದು ಕೆಡುಕು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಅದಕ್ಕೂ ಮುಂಚೆ ಗೊತ್ತುಮಾಡಬೇಕು. ಹೆಚ್ಚು ಅಂಟಿನ ಆಸೆಗೆ ಆಳವಾಗಿ ಕಚ್ಚು ಹಾಕಿಸಿಕೊಂಡ ಗಿಡ ಸಾಯುವುದರಿಂದ, ಈಗಾಗಲೇ ಅಳಿವಿನಂಚಿನ ಪಟ್ಟಿ ಸೇರಿರುವ ಈ ಸಸ್ಯದಿಂದ ವರ್ಷಗಳ ಕಾಲ ಕೂಡಿಡುವಷ್ಟು ಅಂಟನ್ನು ನೆಟ್ಟ ತೋಟಗಳಿಂದಲೇ ಪಡೆಯಬೇಕಾದೀತು. ಕಾಡಿನ ಗಿಡದ ಅಂಟಿಗೂ ತೋಟದ ಗಿಡದ ಅಂಟಿಗೂ ವ್ಯತ್ಯಾಸವಿದೆಯೇ ಎಂಬುದನ್ನು ಆಗ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.