ಚಕ್ರವರ್ತಿಯಾಗಿ ಪರಿತಪಿಸಿದ ದಂಡನಾಯಕ

ಬಡ್ತಿ ಸಿಕ್ಕ ಮೇಲೆ "ಹಳೇ ಕೆಲಸವೇ ವಾಸಿಯಿತ್ತು" ಎಂದು ಗೊಣಗುವವರನ್ನು ನಿಮ್ಮ ಆಫೀಸಿನಲ್ಲೂ ನೋಡಿರುತ್ತೀರಿ. ಸುಮಾರು 1,600 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಚಕ್ರವರ್ತಿಯೊಬ್ಬನಿಗೂ ಹೀಗೇ ಆಗಿತ್ತು. ಅವನ ಹೆಸರು ಕಾನ್‌ಸ್ಟಾಂಟಿಯಸ್.

ಇಂದಿನ ಸರ್ಬಿಯಾ ದೇಶದ ನಿಶ್ ಅವನ ಹುಟ್ಟೂರು. ಸೈನ್ಯದಲ್ಲಿ ದುಡಿದು ಮೇಲೆ ಬಂದವನು. ಆಗ ಪಶ್ಚಿಮ ರೋಮ್‌ನ ಚಕ್ರವರ್ತಿ ಹೊನೋರಿಯಸ್. ಈತ ರವೆನ್ನಾ ನಗರದ ಅರಮನೆ ಬಿಟ್ಟು ಯುದ್ಧಕ್ಕೆ ಹೋಗುವವನಲ್ಲ. 410ರಲ್ಲಿ ಗೋಥ್ ಜನ ರೋಮ್ ನಗರವನ್ನೇ ಲೂಟಿ ಮಾಡಿದರು. ಚಕ್ರವರ್ತಿಯ ಮಲತಂಗಿ ಗಾಲಾ ಪ್ಲಾಸಿಡಿಯಾ ಅವರ ಸೆರೆಯಾಳಾದಳು. ಅತ್ತ ಇಂದಿನ ಫ್ರಾನ್ಸ್‌ನಲ್ಲಿ ಮತ್ತೊಬ್ಬ ತಾನೇ ಚಕ್ರವರ್ತಿ ಎಂದು ಮೆರೆಯುತ್ತಿದ್ದ.

411ರಲ್ಲಿ ಕಾನ್‌ಸ್ಟಾಂಟಿಯಸ್ ಆರ್ಲ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ಆ ಪ್ರತಿಸ್ಪರ್ಧಿಯನ್ನು ಮಣಿಸಿದ. ಗೋಥರ ವಿಷಯದಲ್ಲಿ ಕತ್ತಿಗಿಂತ ಹಸಿವನ್ನೇ ನಂಬಿದ. ಕಡಲ ದಾರಿ ಮುಚ್ಚಿ, ದವಸ ಬರದಂತೆ ತಡೆದ. ಗೋಥರು ಸ್ಪೇನ್‌ಗೆ ಸರಿದರೂ ಹಸಿವು ಬಿಡಲಿಲ್ಲ. ಕೊನೆಗೆ 416ರಲ್ಲಿ ಸಂಧಿಯಾಯಿತು. ರೋಮ್ 6 ಲಕ್ಷ ಅಳತೆ ಧಾನ್ಯ ಕೊಟ್ಟಿತು; ಗೋಥರು ಪ್ಲಾಸಿಡಿಯಾಳನ್ನು ಹಿಂದಿರುಗಿಸಿದರು.

ಅಷ್ಟರಲ್ಲಿ ಆಕೆ ಗೋಥ್ ರಾಜ ಅಥೌಲ್ಫನನ್ನು ಮದುವೆಯಾಗಿ ವಿಧವೆಯೂ ಆಗಿದ್ದಳು. ದಂಡನಾಯಕನನ್ನು ಮದುವೆಯಾಗಲು ಆಕೆಗೆ ಸುತರಾಂ ಇಷ್ಟವಿರಲಿಲ್ಲ. ಆದರೂ 417ರ ಜನವರಿ 1ರಂದು ಅಣ್ಣನೇ ಅವಳ ಕೈ ಹಿಡಿದು ಅವನಿಗೆ ಒಪ್ಪಿಸಿದ. ಇಬ್ಬರು ಮಕ್ಕಳಾದರು. 421ರ ಫೆಬ್ರುವರಿ 8ರಂದು ಹೊನೋರಿಯಸ್ ಭಾವನನ್ನು ಸಹಚಕ್ರವರ್ತಿಯಾಗಿ ಮಾಡಿದ.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡಿರಾ? ಇಲ್ಲ. ಸಮಕಾಲೀನ ಇತಿಹಾಸಕಾರ ಒಲಿಂಪಿಯೊಡೋರಸ್ ಹೇಳುವಂತೆ, ಮೆರವಣಿಗೆಯಲ್ಲಿ ಮುಖ ಗಂಟಿಕ್ಕಿಕೊಳ್ಳುವ ಈ ಮನುಷ್ಯ ಊಟದ ಪಂಕ್ತಿಯಲ್ಲಿ ನಗೆಗಾರರ ಜೊತೆ ತಾನೂ ಸೇರಿ ನಗಿಸುತ್ತಿದ್ದ. ಪಟ್ಟ ಏರಿದ ಮೇಲೆ ಅದೆಲ್ಲ ನಿಂತಿತು. ಬೇಕಾದಲ್ಲಿಗೆ ಹೋಗುವಂತಿಲ್ಲ, ಬೇಕಾದಂತೆ ಇರುವಂತಿಲ್ಲ. ಸಾಲದ್ದಕ್ಕೆ ಪೂರ್ವ ರೋಮ್‌ನ ಚಕ್ರವರ್ತಿ ಎರಡನೇ ಥಿಯೋಡೋಸಿಯಸ್ ಇವನ ಪಟ್ಟವನ್ನು ಒಪ್ಪಲೇ ಇಲ್ಲ. ಆ ಅವಮಾನಕ್ಕೆ ಯುದ್ಧದ ಸಿದ್ಧತೆ ನಡೆದಿರುವಾಗಲೇ, ಸೆಪ್ಟೆಂಬರ್ 2ರಂದು, ಕಾಯಿಲೆಯಿಂದ ತೀರಿಕೊಂಡ. ಪಟ್ಟವೇರಿ ಏಳು ತಿಂಗಳೂ ತುಂಬಿರಲಿಲ್ಲ.

425ರಲ್ಲಿ ಅವನ ಆರು ವರ್ಷದ ಮಗ ವ್ಯಾಲೆಂಟಿನಿಯನ್ ಚಕ್ರವರ್ತಿಯಾದ. ಮಗನ ಪರವಾಗಿ ರಾಜ್ಯಭಾರ ನಡೆಸಿದವಳು ಯಾರು ಗೊತ್ತೇ? ಒಲ್ಲದ ಮನಸ್ಸಿನಿಂದ ಕೈ ಹಿಡಿದ ಅದೇ ಪ್ಲಾಸಿಡಿಯಾ.

ಪರರ ದಾರಿ ಮುಚ್ಚಿ ಗೆದ್ದವನಿಗೆ ಸಿಂಹಾಸನ ಏರಿದ ಮೇಲೆ ತನ್ನ ದಾರಿಯೇ ಮುಚ್ಚಿಹೋಯಿತು. ದೊಡ್ಡ ಕುರ್ಚಿ ನಿಮ್ಮನ್ನು ಕರೆದಾಗ ಇವನನ್ನೊಮ್ಮೆ ನೆನೆಸಿಕೊಳ್ಳಿ.