ಮೂಗಿನ ಅಳತೆ, ಹಾಜರಿ ಪುಸ್ತಕದ ಲೆಕ್ಕ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆ ಯಾರ ಹೆಸರು ಹೊತ್ತಿದೆಯೋ, ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಆ ಎಸ್. ನಿಜಲಿಂಗಪ್ಪ ಹುಟ್ಟಿದ್ದು 1902ರಲ್ಲಿ, ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ನೆರೆಯ ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದವು. ಅದೇ ವರ್ಷಗಳಲ್ಲಿ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಜಾತಿವಾರು ಜನರನ್ನು ನಿಲ್ಲಿಸಿಕೊಂಡು ತಲೆ, ಮೂಗು ಅಳೆಯುತ್ತಿದ್ದ. ಬಂಗಾಳದಲ್ಲಿ ಹರ್ಬರ್ಟ್ ರಿಸ್ಲಿ ಅಷ್ಟರಲ್ಲೇ ಸೂತ್ರವೊಂದನ್ನು ಕಟ್ಟಿಬಿಟ್ಟಿದ್ದ: ಮೂಗು ಅಗಲವಾದಷ್ಟೂ ಜಾತಿ ಕೆಳಗೆ.

ಸೂತ್ರ ಬಹಳ ದಿನ ಬಾಳಲಿಲ್ಲ. ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ, ಸಂಯುಕ್ತ ಪ್ರಾಂತ್ಯದ ಆಚೆಗೆ ಮೂಗಿಗೂ ಅಂತಸ್ತಿಗೂ ತಾಳೆಯಾಗುವುದಿಲ್ಲವೆಂದು 1932ರಲ್ಲಿ ತೋರಿಸಿದರು. 1948ರಲ್ಲಿ ಅಂಬೇಡ್ಕರ್ ಇಂಥ ಅಳತೆಗಳನ್ನೇ ಮುಂದಿಟ್ಟು, ಅಸ್ಪೃಶ್ಯತೆಗೆ ಜನಾಂಗ ಕಾರಣವಲ್ಲ ಎಂದು ವಾದಿಸಿದರು.

ಇಂದಿನ ತಳಿವಿಜ್ಞಾನಕ್ಕೆ ಮೂಗು ಬೇಕಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಡಿಎನ್ಎ ಪರಿಶೀಲಿಸಿತು. ಆ ಪೈಕಿ 81ರಲ್ಲಿ, ಚಿಕ್ಕ ಮೂಲಗುಂಪಿನೊಳಗೇ ತಲೆಮಾರುಗಳ ಕಾಲ ಕೊಟ್ಟು ತಂದ ಗುರುತು ಫಿನ್ಲೆಂಡಿನವರಲ್ಲಿರುವುದಕ್ಕಿಂತ ಗಾಢವಾಗಿತ್ತು. ವೈಶ್ಯರ ಉದಾಹರಣೆ ಪ್ರಸಿದ್ಧ: ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಸ್ನಾಯು ಸಡಿಲಿಸುವ ಮದ್ದು ಕರಗಿಸಬೇಕಾದ ಕಿಣ್ವದ ಕೊರತೆ. ಅಂಗಡಿ, ಬಂಡವಾಳ, ವಿದ್ಯೆ ಎಲ್ಲ ಇದ್ದ ವ್ಯಾಪಾರಿ ಸಮುದಾಯ ಅದು! ರಕ್ತದಲ್ಲಿ ಉಳಿದದ್ದು ಮದುವೆಯ ಕಟ್ಟುಪಾಡಿನ ಕಥೆ; ಯಾರು ಮೇಲು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಹಾಗಾದರೆ ಕೆಳಗಿದ್ದವರು ಕೆಳಗೇ ಉಳಿದದ್ದು ಹೇಗೆ? ಮೈಸೂರು ಈ ಪ್ರಶ್ನೆಯನ್ನು ಬೇಗ ಎತ್ತಿಕೊಂಡಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲಿನ ಬಗ್ಗೆ ಸಲಹೆ ಕೇಳಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಗೆ ಕುಂದು ಬರುತ್ತದೆಂದು ವಿರೋಧಿಸಿದ ದಿವಾನ್ ವಿಶ್ವೇಶ್ವರಯ್ಯ ಅದೇ ಡಿಸೆಂಬರಿನಲ್ಲಿ ಹುದ್ದೆ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಲಿ ಎಂದಿತು ಸಮಿತಿ. ದಾವಣಗೆರೆಯ ಶಾಲೆಯಲ್ಲಿ ಓದಿದ ನಿಜಲಿಂಗಪ್ಪ ಆ ಹೊತ್ತಿಗೆ ಚಿತ್ರದುರ್ಗದಲ್ಲಿ ಪ್ರೌಢಶಾಲಾ ವಿದ್ಯಾರ್ಥಿ.

ಏಕೀಕರಣದ ನಂತರ, ಹಿಂದುಳಿದವರನ್ನು ಗುರುತಿಸಲು 1960ರಲ್ಲಿ ಬಂದ ನಾಗನಗೌಡ ಸಮಿತಿ ಹೊಸ ಅಳತೆಗೋಲು ಹಿಡಿಯಿತು. ಒಂದೊಂದು ಜಾತಿಯಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ? ರಾಜ್ಯದ ಸರಾಸರಿ 6.9 ಬಂತು. ಥರ್ಸ್ಟನ್ ಮುಖದಲ್ಲಿ ಹುಡುಕಿದ್ದನ್ನು ಸಮಿತಿ ಹಾಜರಿ ಪುಸ್ತಕದಲ್ಲಿ ಹುಡುಕಿತು. ದೊಡ್ಡ ಬದಲಾವಣೆಯೇ ಸರಿ, ಆದರೆ ರಾಜಕೀಯ ಅಲ್ಲೂ ಕೈ ಆಡಿಸಿತು. ಲಿಂಗಾಯತರ ಅಂಕಿ 7.1. ಸಮಿತಿ ಅವರನ್ನು ಮುಂದುವರಿದವರೆಂದಿತು. ಸರ್ಕಾರ ಹಿಂದುಳಿದವರ ಪಟ್ಟಿಗೆ ಸೇರಿಸಿತು.

1962ರ ಜುಲೈ 31ರಂದು ನಿಜಲಿಂಗಪ್ಪನವರ ಸರ್ಕಾರ ಇಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಶೇ. 68 ಮೀಸಲಿಟ್ಟು ಆದೇಶಿಸಿತು. ಎರಡು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ 28ಕ್ಕೆ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಅದನ್ನು ತಳ್ಳಿಹಾಕಿತು. ಜಾತಿಯೊಂದೇ ಮಾನದಂಡವಾಗದು, ಮೀಸಲು ಅರ್ಧವನ್ನು ಮೀರಬಾರದು ಎಂಬ ಮಾತು ದೇಶಕ್ಕೆಲ್ಲ ಹಬ್ಬಿದ್ದು ಇಲ್ಲಿಂದ.

ಮರುವರ್ಷ ಸರ್ಕಾರ ಜಾತಿಯನ್ನು ಬದಿಗಿಟ್ಟಿತು. ವರ್ಷದ ಆದಾಯ 1200 ರೂಪಾಯಿ ಮೀರದ ರೈತ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಮೈಮುರಿದು ದುಡಿಯುವವರ ಮಕ್ಕಳಿಗೆ ಸೀಟು ಎಂದಿತು. 1964ರಲ್ಲಿ ಕೋರ್ಟು ಒಪ್ಪಿತು. ಆದಾಯ, ಕಸುಬುಗಳನ್ನಷ್ಟೇ ಎಣಿಸುವ ಆ ಲೆಕ್ಕಕ್ಕೆ, ಬಡವರಲ್ಲೂ ಕೆಲವರು ಮಾತ್ರ ಹುಟ್ಟಿನಿಂದಲೇ ಹೊತ್ತ ಅವಮಾನ ಕಾಣುವಂತಿರಲಿಲ್ಲ. ದೇವರಾಜ ಅರಸರ ಕಾಲದಲ್ಲಿ ಎಲ್.ಜಿ. ಹಾವನೂರು ಆಯೋಗ ಜಾತಿಯನ್ನು ಮತ್ತೆ ಲೆಕ್ಕಕ್ಕೆ ತಂದಿತು. 1975ರ ಅದರ ವರದಿಯಲ್ಲಿ ಹಿಂದುಳಿದವರ ಪಟ್ಟಿಯಿಂದ ಲಿಂಗಾಯತರು ಹೊರಗೆ.