ಮಳೆಗೆ ಹೆದರುವ ಟೋಪಿ

ಕನ್ನಡದಲ್ಲಿ ಟೋಪಿಗೆ ಅಂಥ ಒಳ್ಳೆಯ ಹೆಸರೇನೂ ಇಲ್ಲ. 'ಅವನು ನನಗೆ ಟೋಪಿ ಹಾಕಿದ' ಎಂದರೆ ಮೋಸ ಮಾಡಿದ ಎಂದೇ ಅರ್ಥ. ಪೇಟ, ರುಮಾಲು, ಮುಂಡಾಸುಗಳಿಗೆ ಸಿಕ್ಕ ಮರ್ಯಾದೆ ಟೋಪಿಗೆ ಸಿಗಲಿಲ್ಲ. ಮಳೆಗಾಲದಲ್ಲಂತೂ ನಮಗೆ ಅದರ ಅಗತ್ಯವೇ ಬೀಳಲಿಲ್ಲ. ಮಲೆನಾಡಿನವರು ಗೊರಬು ಹೊತ್ತು ಗದ್ದೆಗಿಳಿದರು. ಬಯಲುಸೀಮೆಯವರು ಕಂಬಳಿಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ಹೋದರು. ಗೊರಬು ನೆನೆಯಿತೆಂದು, ಕಂಬಳಿ ಒದ್ದೆಯಾಯಿತೆಂದು ಯಾರೂ ಕಣ್ಣೀರು ಹಾಕಿದ್ದಿಲ್ಲ. ಅವು ಇರುವುದೇ ನೆನೆಯುವುದಕ್ಕೆ.

ಯುರೋಪಿನವರ ಫೆಲ್ಟ್ ಟೋಪಿಯ ಕಥೆ ಬೇರೆ. ತಲೆಯನ್ನು ಕಾಯಬೇಕಾದ ಟೋಪಿಯನ್ನೇ ಮಳೆಯಿಂದ ಕಾಯಬೇಕಾಗಿ ಬಂದ ಕಥೆ ಅದು. ಮೇಲುನೋಟಕ್ಕೆ ಇದು ಶೋಕಿಯ ಮಾತು ಎನಿಸುತ್ತದೆ. ಆದರೆ ಈ ಟೋಪಿಯ ಅಂಚನ್ನು ಸ್ವಲ್ಪ ಎತ್ತಿ ನೋಡಿದರೆ ಅದರಡಿ ಕೆನಡಾದ ಕಾಡುಗಳಿವೆ, ಪಾದರಸದ ಹೊಗೆ ಕುಡಿದ ಕೂಲಿಗಾರರಿದ್ದಾರೆ, ನಮ್ಮದೇ ಛೋಟಾನಾಗಪುರದ ಅರಗಿನ ಹುಳುವೂ ಇದೆ.

ಮೊದಲು ಫೆಲ್ಟ್ ಎಂದರೇನು ಎಂಬುದನ್ನು ತಿಳಿಯೋಣ. ಅದು ನೇಯ್ದ ಬಟ್ಟೆಯಲ್ಲ, ಹೆಣೆದದ್ದೂ ಅಲ್ಲ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿರುತ್ತವೆ. ಬಿಸಿನೀರು ಹಾಕಿ ತಿಕ್ಕಿ ಒತ್ತಿದರೆ ಈ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಂತೆ ಗಟ್ಟಿಯಾಗುತ್ತವೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು, ಅದು ಕೂಸಿನ ಅಂಗಿಯಷ್ಟಾದುದನ್ನು ಕಂಡವರಿಗೆ ಈ ವಿದ್ಯೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಮಧ್ಯ ಏಷ್ಯಾದ ಅಲೆಮಾರಿಗಳಿಗೆ ಇದು ಬಹು ಹಿಂದೆಯೇ ಗೊತ್ತಿತ್ತು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಗೋರಿಗಳಲ್ಲಿ ಸುಮಾರು 2,300 ವರ್ಷ ಹಿಂದಿನ ಫೆಲ್ಟ್ ವಸ್ತುಗಳು ಹಿಮದಲ್ಲಿ ಕೆಡದೆ ಸಿಕ್ಕಿವೆ. ಕಾಶ್ಮೀರದ ನಮ್ದಾ ಹಾಸುಗಳು ಇದೇ ಕುಲದವು.

ಟೋಪಿ ಮಾಡುವವನು ಈ ಫೆಲ್ಟನ್ನು ಬಿಸಿ ಹಬೆಗೆ ಹಿಡಿದು ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾನೆ. ಆರಿದಾಗ ಅದು ಅಚ್ಚಿನ ಆಕಾರದಲ್ಲೇ ನಿಲ್ಲುತ್ತದೆ. ಅಂದರೆ ಟೋಪಿಯನ್ನು ಹುಟ್ಟಿಸುವುದು ನೀರು ಮತ್ತು ಶಾಖ. ಅದನ್ನು ಕೆಡಿಸುವುದೂ ಅವೇ. ಚೆನ್ನಾಗಿ ನೆನೆದ ಟೋಪಿಗೆ ತನ್ನ ಆಕಾರ ಮರೆತುಹೋಗುತ್ತದೆ. ಅಂಚು ಹಪ್ಪಳದಂತೆ ಅಲೆಅಲೆಯಾಗುತ್ತದೆ, ನೆತ್ತಿ ಕುಸಿಯುತ್ತದೆ. ಗಾಬರಿಯಿಂದ ಒಲೆಯ ಪಕ್ಕ ಒಣಗಲು ಇಟ್ಟರೆ ಇನ್ನಷ್ಟು ಬಿಗಿದುಕೊಂಡು ತಲೆಗೇ ಹಿಡಿಸದಂತಾಗುತ್ತದೆ. ಕುರಿಯುಣ್ಣೆಯ ಅಗ್ಗದ ಟೋಪಿಗಳ ಪಾಡು ಇದೇ ಆಗಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಬೀವರ್ ಎಂಬ ಪ್ರಾಣಿಯ ತುಪ್ಪಳ. ಹೊಳೆಗೆ ಅಡ್ಡಲಾಗಿ ಮರದ ಒಡ್ಡು ಕಟ್ಟಿ ನೀರಿನಲ್ಲೇ ಸಂಸಾರ ಮಾಡುವ ಪ್ರಾಣಿ ಅದು. ಅದರ ಒರಟು ಹೊರಗೂದಲಿನ ಕೆಳಗೆ ಇರುವ ಮೆತ್ತನೆಯ ಒಳತುಪ್ಪಳ ಬಲು ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಅದರಿಂದಾದ ಟೋಪಿಯ ಮೇಲೆ ಹನಿ ಬಿದ್ದರೆ ಕೆಸುವಿನೆಲೆಯ ಮೇಲೆ ಬಿದ್ದಂತೆ ಜಾರುತ್ತಿತ್ತು, ಆಕಾರವೂ ಬೇಗ ಕೆಡುತ್ತಿರಲಿಲ್ಲ. ಆದರೆ ಬೆಲೆ ಹೆಚ್ಚು. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1661ರಲ್ಲಿ ಕೊಂಡ ಬೀವರ್ ಟೋಪಿಗೆ 4 ಪೌಂಡ್ 5 ಶಿಲ್ಲಿಂಗ್ ಕೊಟ್ಟ. ಸರ್ಕಾರಿ ನೌಕಾ ಇಲಾಖೆಯ ದೊಡ್ಡ ಹುದ್ದೆಯಲ್ಲಿದ್ದ ಅವನ ಸಂಬಳ ಆಗ ವರ್ಷಕ್ಕೆ 350 ಪೌಂಡ್. ಸುಖವಾಗಿದ್ದ ಒಬ್ಬ ಅಧಿಕಾರಿಯ ನಾಲ್ಕೈದು ದಿನಗಳ ಸಂಬಳ ಒಂದು ಟೋಪಿಗೆ ಹೋಯಿತು ಎಂದ ಮೇಲೆ ಬಡವನ ಮಾತು ಎಲ್ಲಿ?

ಯುರೋಪಿನ ಬೀವರ್‌ಗಳು ಆ ಹೊತ್ತಿಗೆ ಬೇಟೆಯಿಂದ ಹೆಚ್ಚುಕಡಿಮೆ ಮುಗಿದಿದ್ದವು. ಕಣ್ಣು ಉತ್ತರ ಅಮೆರಿಕದ ಮೇಲೆ ಬಿತ್ತು. 1670ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸನ್ನದಿನಿಂದ ಹಡ್ಸನ್ಸ್ ಬೇ ಕಂಪನಿ ಹುಟ್ಟಿತು. ನಮ್ಮ ಈಸ್ಟ್ ಇಂಡಿಯಾ ಕಂಪನಿಗೆ ಅದು ತಂಗಿಯಿದ್ದಂತೆ: ಅಕ್ಕ ಮೆಣಸು ಬಟ್ಟೆಗಳ ಹಿಂದೆ ಹೊರಟರೆ ತಂಗಿ ತುಪ್ಪಳದ ಹಿಂದೆ ಹೊರಟಳು. ಕೆನಡಾದ ಆ ಸೀಮೆಯಲ್ಲಿ ಬೀವರ್ ತೊಗಲೇ ನಾಣ್ಯವಾಯಿತು. ಕೊಡಲಿ, ಕಂಬಳಿ, ಕೆಟಲ್ಲುಗಳ ಬೆಲೆಯನ್ನೆಲ್ಲ ಇಷ್ಟು ತೊಗಲು ಎಂದೇ ಲೆಕ್ಕ ಹಾಕುತ್ತಿದ್ದರು. ಇದರಲ್ಲಿ ಒಂದು ವಿಚಿತ್ರವಿತ್ತು. ಅಲ್ಲಿನ ಮೂಲನಿವಾಸಿಗಳು ಹೊದ್ದು ಹಳೆಯದಾದ ತೊಗಲುಗಳಿಗೇ ಒಂದು ಕಾಲದಲ್ಲಿ ಹೆಚ್ಚು ಬೆಲೆ. ಮೈಯ ತಿಕ್ಕಾಟಕ್ಕೆ ಒರಟು ಕೂದಲೆಲ್ಲ ಉದುರಿ ಒಳತುಪ್ಪಳ ಮಾತ್ರ ಉಳಿದಿರುತ್ತಿತ್ತು. ಕಾಡಿನವರು ಹೊದ್ದು ಬಿಟ್ಟದ್ದು ಪ್ಯಾರಿಸ್ಸಿನ ಶ್ರೀಮಂತರ ತಲೆಯೇರಿತು.

ವಸಾಹತುಗಳ ಟೋಪಿಗಾರರು ತಾವೇ ಟೋಪಿ ಮಾಡಿ ಮಾರತೊಡಗಿದಾಗ ಲಂಡನ್ನಿನವರಿಗೆ ಹೊಟ್ಟೆಯುರಿ. 1732ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಟೋಪಿಯ ಕಾಯಿದೆಯನ್ನೇ ಮಾಡಿತು. ಅಮೆರಿಕದ ಒಂದು ವಸಾಹತಿನಿಂದ ಇನ್ನೊಂದಕ್ಕೂ ಟೋಪಿ ಕಳಿಸುವಂತಿಲ್ಲ, ಒಬ್ಬ ಟೋಪಿಗಾರ ಇಬ್ಬರಿಗಿಂತ ಹೆಚ್ಚು ಶಿಷ್ಯರನ್ನು ಇಟ್ಟುಕೊಳ್ಳುವಂತಿಲ್ಲ, ಕಪ್ಪು ಜನರಿಗೆ ಈ ಕಸುಬು ಕಲಿಸುವಂತಿಲ್ಲ. ನಮ್ಮ ನೇಕಾರರ ಕಥೆಯನ್ನು ಓದಿದವರಿಗೆ ಈ ಬುದ್ಧಿ ಹೊಸದೆನಿಸದು. ಕಚ್ಚಾವಸ್ತು ನಿಮ್ಮದು, ಲಾಭ ನಮ್ಮದು ಎಂಬ ಪಾಠವನ್ನು ಆ ದೇಶ ಎರಡು ಖಂಡಗಳಲ್ಲಿ ಒಂದೇ ರೀತಿ ಕಲಿಸಿತು.

ಬೀವರ್ ದುಬಾರಿಯಾದಂತೆ ಒಳಗೆ ಕುರಿಯುಣ್ಣೆಯನ್ನೋ ಮೊಲದ ತುಪ್ಪಳವನ್ನೋ ಇಟ್ಟು ಮೇಲೆ ತೆಳ್ಳಗೆ ಬೀವರ್ ಹೊದಿಸಿದ ಟೋಪಿಗಳು ಬಂದವು. ಕನ್ನಡದ ನುಡಿಗಟ್ಟಿನ ಎರಡೂ ಅರ್ಥದಲ್ಲಿ ಗಿರಾಕಿಗೆ ಟೋಪಿ ಹಾಕುವ ಉಪಾಯ! ಆದರೆ ಮೊಲದ ಕೂದಲು ನುಣುಪು. ಅದು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಅದನ್ನು ಒರಟು ಮಾಡಲು ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಬಳಿಯುವುದು ಹದಿನೆಂಟನೆಯ ಶತಮಾನದಲ್ಲಿ ಹಬ್ಬಿತು. ಬಳಿದ ತುಪ್ಪಳದ ತುದಿ ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಗಜ್ಜರಿಯ ಹೆಸರೇ ಬಂತು. ಮುಂದೆ ಆ ಫೆಲ್ಟನ್ನು ಕುದಿನೀರಿನಲ್ಲಿ ಅದ್ದಿ ಹಬೆಯಲ್ಲಿ ಅಚ್ಚಿಗೆ ಹಾಕುವಾಗ ಪಾದರಸ ಆವಿಯಾಗಿ ಗಾಳಿ ಆಡದ ಕೋಣೆಯನ್ನು ತುಂಬುತ್ತಿತ್ತು. ಕೆಲಸಗಾರರ ವಸಡು ಹುಣ್ಣಾಯಿತು, ಹಲ್ಲು ಸಡಿಲವಾಯಿತು, ಕೈ ನಡುಗತೊಡಗಿತು. ಮನಸ್ಸೂ ಕೆಟ್ಟಿತು. ಧೈರ್ಯವಂತರು ಅಂಜುಬುರುಕರಾದರು, ಮೃದು ಸ್ವಭಾವದವರು ಸಿಡುಕರಾದರು. 1860ರಲ್ಲಿ ನ್ಯೂಜೆರ್ಸಿಯ ಡಾಕ್ಟರ್ ಫ್ರೀಮನ್ ಎಂಬುವರು ಟೋಪಿಗಾರರ ಪಾದರಸ ಕಾಯಿಲೆಯನ್ನು ಸ್ಪಷ್ಟವಾಗಿ ಬರೆದಿಟ್ಟರು. ಟೋಪಿಗಳ ಊರೆಂದು ಹೆಸರಾದ ಕನೆಕ್ಟಿಕಟ್ಟಿನ ಡ್ಯಾನ್‌ಬರಿಯಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಅಮೆರಿಕದ ಟೋಪಿ ಕಾರ್ಖಾನೆಗಳು ಪಾದರಸವನ್ನು ಬಿಟ್ಟದ್ದು 1941ರ ಡಿಸೆಂಬರಿನಲ್ಲಿ. ಡಾಕ್ಟರರು ಬರೆದ ಮೇಲೂ ಎಂಬತ್ತೊಂದು ವರ್ಷ ಬೇಕಾಯಿತು.

'ಟೋಪಿಗಾರನಷ್ಟು ಹುಚ್ಚ' ಎಂಬ ಇಂಗ್ಲಿಷ್ ನುಡಿಗಟ್ಟು 1865ರಲ್ಲಿ ಬಂದ 'ಆಲಿಸ್' ಪುಸ್ತಕಕ್ಕಿಂತ ಹಳೆಯದು. ಅದರ ಮೂಲದ ಬಗ್ಗೆ ಪಂಡಿತರಲ್ಲಿ ವಾದಗಳಿವೆ. ಆದರೆ ಮಕ್ಕಳಿಗೆ ಆ ಕಥೆ ಹೇಳುವಾಗ, ನಗಿಸುವ ಆ ಟೋಪಿಗಾರನ ಹಿಂದೆ ನಗಲಾರದ ಕೆಲವರು ನಿಂತಿದ್ದರೆಂದು ಒಂದು ಮಾತು ಸೇರಿಸುವುದು ನನ್ನ ರೂಢಿ. ಮಕ್ಕಳು ಆಗ ಸುಮ್ಮನಾಗುತ್ತಾರೆ. ಅರ್ಥವಾಯಿತೆಂದೇ ನಾನು ತಿಳಿಯುತ್ತೇನೆ.

ಇನ್ನು ನಮ್ಮ ಅರಗಿನ ಮಾತು. ಹೊದಿಕೆ ಬೀವರಿನದೇ ಆದರೂ ಟೋಪಿ ಸೆಟೆದು ನಿಲ್ಲಬೇಕಾದರೆ ಅದಕ್ಕೊಂದು ಗಂಜಿ ಬೇಕು. ಹಿಂದೆ ಅಂಟು, ಗೋಂದುಗಳನ್ನು ಹಾಕುತ್ತಿದ್ದರು. ಅವು ನೀರಿನಲ್ಲಿ ಕರಗುವಂಥವು. ಒಂದು ಜೋರು ಮಳೆಗೆ ಗಂಜಿ ಇಳಿದು ಟೋಪಿ ಜೋಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಜಾಗಕ್ಕೆ ಅರಗು ಬಂತು. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆಯ ಕೊಂಬೆಯ ರಸ ಹೀರಿ ಸಣ್ಣ ಹುಳುವೊಂದು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡೇ ಅರಗು. ಅದು ಮದ್ಯಸಾರದಲ್ಲಿ, ಬಿಳಿಗಾರದ ನೀರಿನಲ್ಲಿ ಕರಗುತ್ತದೆ. ಬರಿಯ ನೀರಿಗೆ ಜಗ್ಗುವುದಿಲ್ಲ. ಮೊದಲು ಯುರೋಪು ಅರಗನ್ನು ಕೊಳ್ಳುತ್ತಿದ್ದುದು ಅದರ ಕೆಂಪು ಬಣ್ಣಕ್ಕಾಗಿಯೂ ಹೌದು. 1856ರಲ್ಲಿ ಕೃತಕ ಬಣ್ಣ ಬಂದ ಮೇಲೆ ಅರಗಿನ ಕೆಂಪಿನ ವ್ಯಾಪಾರ ಕುಸಿಯಿತು, ರಾಳದ ವ್ಯಾಪಾರ ಬೆಳೆಯಿತು. ಮಿರ್ಜಾಪುರದಂಥ ಊರುಗಳಲ್ಲಿ ಉದ್ದದ ಬಟ್ಟೆಯ ಚೀಲಕ್ಕೆ ಅರಗು ತುಂಬಿ, ಕೆಂಡದ ಮುಂದೆ ಹಿಡಿದು ಹಿಂಡಿ, ಕರಗಿ ಬಂದದ್ದನ್ನು ಕೈ, ಕಾಲು, ಹಲ್ಲುಗಳಿಂದ ಹಿಡಿದು ಕಾಗದದಂತೆ ತೆಳ್ಳಗೆ ಎಳೆಯುತ್ತಿದ್ದರು. ಬೆಂಕಿಯ ಮುಂದೆ ಬೆವರಿದ ಆ ಜನ ಫೆಲ್ಟ್ ಟೋಪಿಯನ್ನು ಕಣ್ಣಿನಲ್ಲಿ ಕಂಡಿದ್ದರೋ ಇಲ್ಲವೋ. ಪಾಂಡವರನ್ನು ಸುಡಲು ಮನೆ ಕಟ್ಟಿದ ಅರಗು ಹೀಗೆ ದೊರೆಗಳ ತಲೆಯ ಮೇಲೆ ಮಳೆ ತಡೆಯಲು ನಿಂತಿತು.

ಅಮೆರಿಕದ ಜಾನ್ ಸ್ಟೆಟ್ಸನ್ 1865ರಲ್ಲಿ ಫಿಲಡೆಲ್ಫಿಯದಲ್ಲಿ ಅಂಗಡಿ ತೆರೆದು ದನಗಾಹಿಗಳಿಗೆಂದು ಅಗಲ ಅಂಚಿನ ಟೋಪಿ ಮಾಡಿದ. ಮಳೆಗೆ ಛತ್ರಿ, ಬಿಸಿಲಿಗೆ ನೆರಳು, ಬಾಯಾರಿದಾಗ ಬೋಗುಣಿ, ಹೀಗೆ ಅದು ಎಲ್ಲಕ್ಕೂ ಆಯಿತು. ದನಗಾಹಿಯೊಬ್ಬ ತನ್ನ ಟೋಪಿಯಲ್ಲಿ ಕುದುರೆಗೆ ನೀರು ಕುಡಿಸುತ್ತಿರುವ, ಲಾನ್ ಮೆಗಾರ್ಗಿ ಬರೆದ ಚಿತ್ರವನ್ನು ಆ ಕಂಪನಿ ಟೋಪಿಯ ಒಳಗೇ ಅಂಟಿಸುತ್ತಿತ್ತು. ಮಳೆಗೆ ಹೆದರುತ್ತಿದ್ದ ಟೋಪಿ ನೀರು ಹೊರುವ ಪಾತ್ರೆಯಾದದ್ದು ಸಣ್ಣ ಸಾಧನೆಯಲ್ಲ.

ಹಾಗಿದ್ದರೂ ಯಾವ ಫೆಲ್ಟ್ ಟೋಪಿಯೂ ಮಳೆಯಲ್ಲಿ ಚಿರಂಜೀವಿಯಲ್ಲ. ಇಟ್ಟುಕೊಂಡವರು ಅನುಸರಿಸುವ ಕ್ರಮ ಸರಳವಾದದ್ದು. ಜಡಿಮಳೆಯಿದ್ದರೆ ಮೇಲೊಂದು ಮೇಣಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಗವಸು ಹಾಕಬೇಕು. ನೆನೆದರೆ ನೀರನ್ನು ಕೊಡವಿ, ಒಳಗಿನ ತೊಗಲಿನ ಪಟ್ಟಿಯನ್ನು ಹೊರಕ್ಕೆ ಮಗುಚಿ, ಆ ಪಟ್ಟಿಯ ಮೇಲೆ ಟೋಪಿಯನ್ನು ನಿಲ್ಲಿಸಬೇಕು. ಭಾರ ಅಂಚಿನ ಮೇಲೆ ಬೀಳಬಾರದು. ಒಲೆ, ಹೀಟರು, ಬಿಸಿಲು ಯಾವುದೂ ಬೇಡ. ನೆರಳಿನ ಗಾಳಿಯಲ್ಲಿ ತಾನಾಗಿಯೇ ಆರಬೇಕು. ಪೂರ್ತಿ ಆರಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ರೋಮದ ದಿಕ್ಕಿನಲ್ಲೇ ನೇವರಿಸಬೇಕು. ಸೊಟ್ಟಗಾಗಿದ್ದರೆ ಕುದಿಯುವ ಕೆಟಲಿನ ಹಬೆಗೆ ಕೊಂಚ ಹಿಡಿದು ಕೈಯಿಂದ ತಿದ್ದಬಹುದು. ಒಟ್ಟಿನಲ್ಲಿ ಬೇಕಾದದ್ದು ತಾಳ್ಮೆ.

ನಮ್ಮ ಕಂಬಳಿಯವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ನೇಯ್ದ ಕಂಬಳಿಗೆ ಹುಣಸೆಬೀಜದ ಸರಿ ಬಳಿದು ಉಜ್ಜಿ ಬಿಸಿಲಿಗೆ ಹರವುತ್ತಿದ್ದರು. ಅದು ಸೆಟೆದು ಬಿಗಿಯಾಗಿ ಮಳೆಯನ್ನು ಜಾರಿಸುತ್ತಿತ್ತು. ಅವರೂ ಬೆನ್ನು ಬಗ್ಗಿಸಿ ದುಡಿದವರೇ. ಆದರೆ ಆ ಸರಿಯಿಂದ ಯಾರ ಕೈಯೂ ನಡುಗಲಿಲ್ಲ, ಯಾವ ಹೊಳೆಯ ಪ್ರಾಣಿಯೂ ನಿರ್ವಂಶವಾಗಲಿಲ್ಲ. ಅರಗಿನ ಕಥೆಯೂ ಮುಗಿದಿಲ್ಲ. 1924ರಲ್ಲಿ ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ ಅರಗಿಗೆಂದೇ ಶುರುವಾದ ಸಂಶೋಧನಾಲಯ ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ. ಮಾತ್ರೆಗಳ ಹೊರಪದರದಲ್ಲಿ, ಚನ್ನಪಟ್ಟಣದ ಬೊಂಬೆಗಳ ಹೊಳಪಿನಲ್ಲಿ ಅರಗು ನಮ್ಮ ಮನೆಯೊಳಗೇ ಇದೆ. ಅದನ್ನು ಕೊಂಬೆಯಿಂದ ಕೆರೆದು ತೆಗೆಯುವವರು ಜಾರ್ಖಂಡ, ಛತ್ತೀಸಗಢಗಳ ಆದಿವಾಸಿಗಳು, ಅವರಲ್ಲಿ ಎಷ್ಟೋ ಮಂದಿ ಹೆಂಗಸರು. ಸಂತೆಗೆ ಒಯ್ದ ಆ ಅರಗಿಗೆ ಅವರ ಕೈಗೆ ಎಷ್ಟು ಬಂತು ಎಂದು ಕೇಳುವುದೂ ಟೋಪಿಯ ಇತಿಹಾಸದ ಒಂದು ಪ್ರಶ್ನೆಯೇ.